ಕೆಳಮೂಲೆಯ ಎರಡು ಅಕ್ಷರ

ಮಾಸ್ತರು ತೀರಿಕೊಂಡ ಸುದ್ದಿಯನ್ನು ನನಗೆ ತಿಳಿಸಿದವಳು ಅವರ ಮಗಳು, ಫೋನಿನಲ್ಲಿ, ಮರಾಠಿಯಲ್ಲಿ. ಹೋಗಿ ಆಗಲೇ ಹದಿನೈದು ದಿನ ಕಳೆದಿತ್ತಂತೆ. ಡೊಂಬಿವಲಿಯ ನನ್ನ ತವರಿಗೆ ಫೋನ್ ಮಾಡಿ, ಅಲ್ಲಿಂದ ನೆರೂಲಿನ ನನ್ನ ಗಂಡನ ಮನೆಯ ನಂಬರು ಪಡೆದು, ಮೂರನೆಯ ಸಲಕ್ಕೆ ನಾನು ಸಿಕ್ಕಿದ್ದೆ. "ಬಾಬಾ ತುಮಚ್ಯಾಸಾಠೀ ಏಕ್ ವಸ್ತು ಠೇವೂನ್ ಗೇಲೇ," ಅಂದಳು. ನನಗೆಂದು ಏನನ್ನೋ ಇಟ್ಟು ಹೋಗಿದ್ದಾರೆ, ವಿಠ್ಠಲವಾಡಿಯ ಮನೆಗೆ ಬಂದು ತೆಗೆದುಕೊಂಡು ಹೋಗಬೇಕು. ನಾಲ್ಕು ವರ್ಷ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು ಕೆಲಸ ಮಾಡಿದವರು ನಾವು. ಕೊನೆಗೊಂದು ದಿನದಿಂದ ಅವರು ನನ್ನೊಡನೆ ಮನಸ್ಸು ಬಿಚ್ಚಿ ಮಾತಾಡಲಿಲ್ಲ. ತಪ್ಪು ನನ್ನದೇ. ಅಂಥವರು ನನಗೆ ಏನು ಇಟ್ಟು ಹೋಗಲು ಸಾಧ್ಯ ಎಂದು ಹೆದರಿಕೆಯಾಯಿತು.

ಅವರ ಹೆಸರನ್ನು ನಾನಿಲ್ಲಿ ಬರೆಯುತ್ತಿಲ್ಲ. ಅದು ಅವರದೇ ಕಟ್ಟಳೆ. "ಬೋರ್ಡ್ ಬರದಾವನ ಹೆಸರು ಕೆಳಗ ಬಲಮೂಲ್ಯಾಗ ಇರಬೇಕು ತಂಗಿ, ಸಣ್ಣದಾಗಿ. ನಡುವ ಬಂತಂದ್ರ ಅಂಗಡಿಯಾವನ ಹೆಸರು ಎಲ್ಲಿಗೆ ಹೋಗಬೇಕು?" ಅನ್ನುತ್ತಿದ್ದರು. ಈ ಬರಹದ ನಡುವೆಯೂ ಅದು ಬರುವುದು ಬೇಡ. ಬಿಜಾಪುರದ ಬಜಾರಿನಲ್ಲಿ ಅಂಗಡಿ ಬೋರ್ಡುಗಳನ್ನು ಬರೆಯುತ್ತ ಬೆಳೆದವರು ಅವರು. ಆಮೇಲೆ ಹೊಟ್ಟೆಪಾಡಿಗೆ ಕಲ್ಯಾಣಕ್ಕೆ ಬಂದು ಹೊಟೇಲುಗಳ ತಿಂಡಿ ಪಟ್ಟಿ, ಲಾರಿಗಳ ಹಿಂದಿನ ಹುಲಿ, ಗಣಪತಿ ಮಂಡಲದ ಪರದೆ, ಕೊಟ್ಟದ್ದೆಲ್ಲ ಬರೆದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಆದರೂ ಠಾಣೆ ಶಹರದ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಅವರು ಮಾಸ್ತರ್. ನಾನು ಸೇರಿ ಒಂದು ವರ್ಷದವರೆಗೆ ಅವರ ನಿಜವಾದ ಹೆಸರು ನನಗೆ ಗೊತ್ತೇ ಇರಲಿಲ್ಲ. ಈ ಕಥೆಯ ದುರಂತವೆಲ್ಲ ಹುಟ್ಟಿದ್ದು ಅಷ್ಟರಿಂದಲೇ.

ಆಫೀಸು ಅಂದರೆ ರೈಲ್ವೆ ಸ್ಟೇಷನ್ನಿನ ಪಶ್ಚಿಮಕ್ಕೆ ಒಂದು ಛಾಪಖಾನೆಯ ಮೇಲಿನ ಎರಡು ಕೋಣೆ. ಕೆಳಗೆ ಯಂತ್ರ ಓಡಿದರೆ ಮೇಲೆ ನಮ್ಮ ಮಸಿಯ ದೌತಿ ನಡುಗುತ್ತಿತ್ತು. ಮಕ್ಕಳ ಚಿತ್ರಕಥೆಗಳನ್ನು ಹಿಂದಿ, ಮರಾಠಿಯಲ್ಲಿ ಹೊರಡಿಸುತ್ತಿದ್ದ ಸೇಠ್‌ಗೆ, ಹುಬ್ಬಳ್ಳಿ ಬೆಳಗಾವಿಗಳಲ್ಲೂ ಮಕ್ಕಳಿದ್ದಾರೆ ಎಂಬುದು ತೊಂಬತ್ತರ ದಶಕದ ಶುರುವಿನಲ್ಲಿ ಹೊಳೆಯಿತು. ಕನ್ನಡ ಅಕ್ಷರ ಬರೆಯುವವರು ಬೇಕಾದರು. ನನ್ನ ಅಪ್ಪ ಡೊಂಬಿವಲಿಯ ಹೊಟೇಲೊಂದರಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು, ಉಡುಪಿ ಕಡೆಯವರು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ. ನನ್ನ ಕೈಬರಹ ಚೆನ್ನಾಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಕೆಲಸ ಸಿಕ್ಕಿತು.

ಕೆಲಸ ಹೀಗೆ. ಮಾಸ್ತರು ಚಿತ್ರ ಬರೆಯುವರು. ಪಾತ್ರಗಳ ಬಾಯಿಂದ ಹೊರಡುವ ಮಾತಿನ ಬಲೂನುಗಳನ್ನು ಖಾಲಿ ಬಿಡುವರು. ಪ್ರತಿ ಪುಟದ ಫೋಟೊ ಪ್ರತಿಯನ್ನು ಭಾಷೆಗೊಂದರಂತೆ ತೆಗೆಸಿ, ಅವರವರ ಬಲೂನುಗಳಲ್ಲಿ ಅವರವರ ಭಾಷೆ ತುಂಬಬೇಕು. ಹಿಂದಿಯ ಅಳತೆಗೆ ಬಿಟ್ಟ ಬಲೂನಿನಲ್ಲಿ ಕನ್ನಡ ಕೂರುತ್ತಿರಲಿಲ್ಲ. ನಮ್ಮ ಒತ್ತಕ್ಷರಗಳು ಕೆಳಗೆ ಜೋತುಬಿದ್ದು ಮುಂದಿನ ಸಾಲಿನ ತಲೆಗೆ ತಾಗುತ್ತಿದ್ದವು. ನಾನು ಅಳುವುದೊಂದು ಬಾಕಿ. ಒಂದು ತಿಂಗಳು ನೋಡಿದ ಮಾಸ್ತರು ಏನೂ ಹೇಳದೆ ಮುಂದಿನ ಪುಸ್ತಕದಿಂದ ಬಲೂನುಗಳನ್ನೆಲ್ಲ ಒಂದು ಬೆರಳಷ್ಟು ಎತ್ತರ ಮಾಡಿದರು. ಜಾಗ ಯಾಕೆ ಹಾಳು ಮಾಡುತ್ತೀ ಎಂದು ಸೇಠ್ ಕೇಳಿದಾಗ, ಮಾತಿಗೂ ಉಸಿರಾಡಲು ಜಾಗ ಬೇಕು ಎಂದರು. ನನ್ನ ಕಡೆ ತಿರುಗಿ ಮೆಲ್ಲಗೆ, "ಕನ್ನಡ ಅಂದ್ರ ಕಾಲು ಚಾಚಿ ಕೂಡೋ ಭಾಷಾ ತಂಗಿ. ಜಾಗಾ ಕೊಡಬೇಕು," ಅಂದರು.

ಅವರ ಎಡಗೈ ಮಣಿಕಟ್ಟಿಗೆ ಸದಾ ಒಂದು ಕರವಸ್ತ್ರ ಸುತ್ತಿರುತ್ತಿತ್ತು, ಬೆವರು ಹಾಳೆಗೆ ಇಳಿಯಬಾರದೆಂದು. ಎಡಗೈಯಲ್ಲಿ ಚಿತ್ರ, ಬಲಗೈಯಲ್ಲಿ ಅಕ್ಷರ. ಝೀರೋ ನಂಬರಿನ ಬ್ರಶ್ಶಿನ ತುದಿಯನ್ನು ತುಟಿಯಿಂದ ಚೂಪು ಮಾಡಿ ಮಾಡಿ ಕೆಳತುಟಿಯ ನಡುವೆ ಕಪ್ಪು ಗೆರೆಯೊಂದು ಕಾಯಂ ಆಗಿತ್ತು. ಮೆಚ್ಚುಗೆಯ ಮಾತಿನಲ್ಲಿ ಮಹಾ ಜಿಪುಣರು. ಯಾರ ಕೆಲಸ ಎಷ್ಟೇ ಚೆನ್ನಾಗಿದ್ದರೂ "ಕೈ ಚೊಲೋ ಐತಿ" ಎಂಬ ಮೂರು ಪದದಾಚೆ ಹೋಗುತ್ತಿರಲಿಲ್ಲ. ಅದನ್ನು ಕೇಳಲು ನನಗೆ ಎಂಟು ತಿಂಗಳು ಬೇಕಾಯಿತು.

ನನ್ನ ಕರಾವಳಿ ಕನ್ನಡವನ್ನು ಗೇಲಿ ಮಾಡುವುದು ಅವರಿಗೆ ಊಟದ ಜೊತೆಗಿನ ಉಪ್ಪಿನಕಾಯಿ. ಒಮ್ಮೆ ಕಳ್ಳನೊಬ್ಬ ಮಹಡಿಯಿಂದ ಬೀಳುವ ಚಿತ್ರವಿತ್ತು. ಹಿಂದಿಯಲ್ಲಿ "ಧಡಾಮ್" ಎಂದಿದ್ದದ್ದನ್ನು ನಾನು "ಧೊಪ್" ಎಂದು ಬರೆದೆ. "ತಂಗಿ, ಬಿದ್ದಾಂವ ಕಳ್ಳನೋ ನಿಮ್ಮೂರ ತೆಂಗಿನಕಾಯೋ?" ಎಂದು ಕೇಳಿದರು.

"ಮತ್ತೆಂತ ಬರೆಯುದು ಮಾಸ್ತ್ರೇ?"

"ಹಂಗ ಬಿಡು. ತೆಂಗಿನಕಾಯಿ ಬಿದ್ರೂ ಪೆಟ್ಟು ಆಗತೈತಿ."

ನಮ್ಮ ಪುಸ್ತಕಗಳಲ್ಲಿ ಓಡುತ್ತಿದ್ದದ್ದು ಒಂದೇ, 'ಹಮಾಲ್ ದಾದಾ'. ಕಲ್ಯಾಣದ ಸರಕು ಯಾರ್ಡಿನಲ್ಲಿ ಹೇರುವ ಇಳಿಸುವ ರಾಯಚೂರಿನ ಹಮಾಲನೊಬ್ಬನನ್ನು ನೋಡಿ ಮಾಸ್ತರು ಕಲ್ಪಿಸಿಕೊಂಡ ನಾಯಕ. ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡರೆ ಸಾಕು, ಹಳಿ ತಪ್ಪಿದ ರೈಲಿನ ಡಬ್ಬಿಯನ್ನೂ ಹೊತ್ತು ನಿಲ್ಲಿಸುತ್ತಾನೆ. ಸಿಂಬಿ ತೆಗೆದರೆ ಸಾಧಾರಣ ಮನುಷ್ಯ, ಸೊಂಟ ನೋಯುತ್ತದೆ, ಬೀಡಿ ಹುಡುಕುತ್ತಾನೆ. ಮೊದಲ ಪುಸ್ತಕವನ್ನು ಮಾಸ್ತರು ತಮ್ಮ ಖೋಲಿಯಲ್ಲಿ ಕೂತು ಬರೆದು, ಬಟ್ಟೆ ಚೀಲದಲ್ಲಿ ಹಾಕಿಕೊಂಡು ಸೇಠ್ ಬಳಿ ಬಂದಿದ್ದರಂತೆ. ಪುಟಕ್ಕಿಷ್ಟು ಎಂದು ಹಣ ಕೈಗೆ ಬಂತು, ರಸೀದಿಗೆ ಸಹಿ ಹಾಕಿದರು. ರಸೀದಿಯ ಬೆನ್ನಿಗೆ ಇಂಗ್ಲಿಷಿನಲ್ಲಿ, ಈ ಕೆಲಸದ ಸಕಲ ಹಕ್ಕೂ ಕಂಪನಿಯದು ಎಂದು ಅಚ್ಚಾಗಿತ್ತು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. "ಎಷ್ಟು ಸಣ್ಣ ಅಕ್ಷರ, ಎಷ್ಟು ಸ್ವಚ್ಛ ಅಂತ ನೋಡ್ಕೋತ ನಿಂತೆ," ಎಂದು ಆಮೇಲೆ ನನಗೆ ಹೇಳಿದರು.

ಇನ್ನು ನನ್ನ ಕೈ ಮಾಡಿದ್ದನ್ನು ಹೇಳಬೇಕು.

ಕನ್ನಡದಲ್ಲಿ ಹಮಾಲ್ ದಾದಾ ಮೊದಲನೆಯ ಪುಸ್ತಕದಿಂದಲೇ ಶುರುವಾಯಿತು. ಅದು ನನ್ನ ಮೊದಲ ವಾರದ ಕೆಲಸ. ಏಳನೆಯ ಪುಟದಲ್ಲಿ ಒಂದು ಬೀದಿ, ಬೀದಿಯಲ್ಲೊಂದು ಚಹಾದಂಗಡಿ, ಅದರ ಬೋರ್ಡು ಕನ್ನಡದಲ್ಲಿತ್ತು. ಬಿಜಾಪುರದ ಅಭ್ಯಾಸ ಎಂದುಕೊಂಡೆ. ಆ ಬೋರ್ಡಿನ ಬಲಗಡೆ ಕೆಳಮೂಲೆಯಲ್ಲಿ ಎಳ್ಳಿನಷ್ಟು ಗಾತ್ರದ ಎರಡು ಅಕ್ಷರ. ಅವೆರಡನ್ನೂ ಕೂಡಿಸಿದರೆ ಕನ್ನಡದಲ್ಲಿ ಯಾವ ಅರ್ಥವೂ ಹೊರಡುತ್ತಿರಲಿಲ್ಲ. ಹಿಂದಿ, ಮರಾಠಿ ಓದುವವರಿಗೆ ಅದು ಗೀಚು, ಕಣ್ಣಿಗೂ ಬೀಳದು. ಕನ್ನಡದ ಮಗು ಮಾತ್ರ ಓದಿ, ಇದೇನು ತಪ್ಪು ಎಂದು ಕೇಳುತ್ತದೆ. ಹೊಸ ಕೆಲಸ, ಹೊಸ ಹುರುಪು. ಬಿಳಿ ಬಣ್ಣ ತೆಗೆದುಕೊಂಡು ಆ ಎರಡನ್ನೂ ಮುಚ್ಚಿದೆ. ಬೋರ್ಡಿನ ಅಂಚಿನ ಗೆರೆ ಸ್ವಲ್ಪ ಅಳಿಸಿತ್ತು, ಅದನ್ನೂ ಗುರುತು ಸಿಗದ ಹಾಗೆ ಮತ್ತೆ ಎಳೆದೆ. ನನ್ನ ಕೈಯ ಬಗ್ಗೆ ನನಗೇ ಹೆಮ್ಮೆಯಾಯಿತು.

ಓದಲು ಬಾರದವರ ನಡುವೆ ಸುರಕ್ಷಿತವಾಗಿದ್ದ ಹೆಸರನ್ನು ಓದಲು ಬಂದವಳು ಅಳಿಸಿದಳು.

ಮುಂದಿನ ಪುಸ್ತಕಗಳಲ್ಲಿ ಬಲೂನುಗಳದೇ ಚಿಂತೆಯಾಗಿ ನನ್ನ ಕಣ್ಣು ಬೋರ್ಡುಗಳ ಕಡೆ ಹೋಗಲೇ ಇಲ್ಲ. ವರ್ಷ ಕಳೆದ ಮೇಲೆ ಒಮ್ಮೆ ಅವರು ಹೊಸ ಪುಟದಲ್ಲಿ ಅಂಥದೇ ಬೋರ್ಡು ಬರೆಯುತ್ತಿದ್ದಾಗ ಕೇಳಿದೆ, "ಮಾಸ್ತ್ರೇ, ಇದು ಎಂತ, ಮೂಲೆಯಲ್ಲಿ?" ಅವರು ಬಾಗಿಲ ಕಡೆ ನೋಡಿ, ನಾಚಿಕೊಂಡ ಹಾಗೆ ನಕ್ಕರು. "ನನ್ನ ಹೆಸರಿನ ಮೊದಲ ಎರಡಕ್ಷರ. ಚಿತ್ರದ ಕೆಳಗ ಸಹಿ ಹಾಕಿದ್ರ ಸೇಠ್ ಒರಸತಾನ. ಬೋರ್ಡ್ ಒಳಗ ಹಾಕಿದ್ರ ಅವಂಗ ತಿಳಿಯಂಗಿಲ್ಲ. ಮೊದಲನೇ ಪುಸ್ತಕದಿಂದ ಹಾಕ್ಕೋತ ಬಂದೀನಿ. ಪುಸ್ತಕಕ್ಕ ಒಂದ ಬೋರ್ಡ್, ಜಾಸ್ತಿ ಇಲ್ಲ."

ಮೊದಲ ಪುಸ್ತಕದ ಏಳನೆಯ ಪುಟ ನೆನಪಾಯಿತು. ಅಂದೇ ಹೇಳಬೇಕಿತ್ತು. ಮೊದಲನೆಯದರಲ್ಲಿ ನಾನು ಒರೆಸಿಬಿಟ್ಟೆ, ತಪ್ಪಾಯಿತು ಮಾಸ್ತ್ರೇ ಅಂದಿದ್ದರೆ ಎರಡು ದಿನ ಮುನಿಸಿಕೊಂಡು ಮೂರನೆಯ ದಿನ ತೆಂಗಿನಕಾಯಿ ಎಂದು ಗೇಲಿ ಮಾಡುತ್ತಿದ್ದರು. ಹೇಳಲಿಲ್ಲ. ಅಚ್ಚಾದ ಪುಸ್ತಕವನ್ನು ಅವರು ಎಂದೂ ತೆರೆದು ನೋಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಬೋರ್ಡು ಬರೆದಾದ ಮೇಲೆ ಹೊರಳಿ ನೋಡಿದರೆ ತಪ್ಪುಗಳೇ ಕಾಣುತ್ತವೆ, ನೋಡಬಾರದು ಎಂಬುದು ಅವರ ಇನ್ನೊಂದು ಕಟ್ಟಳೆ. ಆ ಕಟ್ಟಳೆಯ ಮರೆಯಲ್ಲಿ ನಾನು ಬಚ್ಚಿಟ್ಟುಕೊಂಡೆ.

ಆಮೇಲೆ ಶಾಲೆಯ ಬ್ಯಾಗು ಬಂತು. ಹಮಾಲ್ ದಾದಾನ ಚಿತ್ರವಿದ್ದ ಕೆಂಪು ಬ್ಯಾಗುಗಳು ಕಲ್ಯಾಣ, ಉಲ್ಹಾಸನಗರದ ಅಂಗಡಿಗಳ ಮುಂದೆಲ್ಲ ನೇತಾಡಿದವು. ಮಾಸ್ತರ ಮಗಳು ಆಗ ಎಂಟನೆಯ ಕ್ಲಾಸು. ನನ್ನ ಅಪ್ಪ ಬರೆದದ್ದು ಎಂದು ಶಾಲೆಯಲ್ಲಿ ಹೇಳಿ ಸುಳ್ಳುಗಾತಿ ಅನ್ನಿಸಿಕೊಂಡು ಅತ್ತು ಬಂದಳಂತೆ. ಮಾಸ್ತರು ಅವಳನ್ನು ಕರೆದುಕೊಂಡು ಹೋಗಿ ಬ್ಯಾಗು ಕೊಡಿಸಿದರು. "ನಾ ಹಡದ ಮಗನ್ನ ನಾನ ರೊಕ್ಕಾ ಕೊಟ್ಟು ಮನೀಗೆ ತಂದೆ ತಂಗಿ," ಎಂದು ಮರುದಿನ ಹೇಳುವಾಗ ಅವರು ನಗುತ್ತಲೇ ಇದ್ದರು. ಆದರೆ ಮಧ್ಯಾಹ್ನ ರೊಟ್ಟಿಯ ಡಬ್ಬಿ ಬಿಚ್ಚಲಿಲ್ಲ.

ಅವರಿಗೆ ಒಂದು ಮಾತು ಸಿಕ್ಕಿತ್ತು. ಕಬ್ಬು ಕೊಯ್ದ ಮೇಲೆ ಉಳಿದ ಬುಡದಿಂದ ಮತ್ತೆ ಚಿಗುರುವ ಬೆಳೆಗೆ ಅವರ ಕಡೆ ಕೂಳಿ ಅನ್ನುತ್ತಾರೆ, ನಾವು ಪುಸ್ತಕದಲ್ಲಿ ಕೂಳೆ ಎಂದು ಬರೆಯುವುದು. "ಕಬ್ಬು ಹಚ್ಚಿದ್ದಕ್ಕ ಕೂಲಿ ಕೊಟ್ರು, ತಗೊಂಡೆ. ಇಲ್ಲಾ ಅನ್ನಂಗಿಲ್ಲ. ಈಗ ಮ್ಯಾಲಿಂದ ಮ್ಯಾಲೆ ಚಿಗಿತಾನ ಐತಲ್ಲ, ಆ ಕೂಳ್ಯಾಗ ನನ್ನ ಪಾಲು ಬ್ಯಾಡೇನು?" ವಕೀಲನೂ ಇಷ್ಟು ಚೆನ್ನಾಗಿ ಹೇಳಲಾರ ಎಂದೆ. "ಹಂಗಾದ್ರ ನಾಳೆ ಸೇಠ್‌ನ ಮುಂದ ಹೇಳ್ತೀನಿ. ನೀ ಬಾಜೂಕ ಇರು," ಅಂದರು.

ಬಾಜೂಕೇ ಇದ್ದೆ. ಮಾಸ್ತರ ಹಿಂದಿ ಅವರ ಕನ್ನಡದಷ್ಟು ಚುರುಕಾಗಿರಲಿಲ್ಲ. "ಸೇಠ್, ಕೂಲಿ ಮಿಲಾ. ಕೂಳಿ ಕಿಸಕಾ?" ಎಂದು ಶುರುಮಾಡಿದರು. ಹಿಂದಿಯ ಕಿವಿಗೆ ನಮ್ಮ ಲ, ಳ ಎರಡೂ ಒಂದೇ. ಹಿಂದಿಯಲ್ಲಿ ಕುಲೀ ಎಂದರೆ ಹಮಾಲ. ಸೇಠ್ ಜೋರಾಗಿ ನಕ್ಕು, "ಕುಲೀ ತೋ ಅಪನಾ ಹೀರೋ ಹೈ, ಮಾಸ್ತರ್," ಎಂದರು. ಮಾಸ್ತರು ಮತ್ತೆ ಬಿಡಿಸಿ ಹೇಳಬೇಕಾಯಿತು. ಹಮಾಲ ನನ್ನವನು, ಪುಸ್ತಕದ ಮೇಲೆ ನನ್ನ ಹೆಸರು ಬರಬೇಕು, ಬ್ಯಾಗಿನಿಂದ ಬಂದ ಲಾಭದಲ್ಲಿ ನನಗೊಂದು ಪಾಲು ಬೇಕು.

ಸೇಠ್ ಕೆಟ್ಟ ಮನುಷ್ಯರಲ್ಲ. ಆದರೆ ಬಂದವರಿಗೆಲ್ಲ ಹಮಾಲ್ ದಾದಾ ನನ್ನದೇ ಐಡಿಯಾ ಎಂದು ಹೇಳುತ್ತ ಹೇಳುತ್ತ ತಾವೂ ಅದನ್ನು ನಂಬಿಬಿಟ್ಟಿದ್ದರು. ಸಹಿ ಹಾಕಿದ ಕಾಗದ ನನ್ನ ಹತ್ತಿರ ಇದೆ ಎಂದರು. ಮಾಸ್ತರು ಬೋರ್ಡಿನ ಮೂಲೆಯ ಗುಟ್ಟನ್ನು ಅವತ್ತು ಮೊದಲ ಸಲ ಹೊರಹಾಕಿದರು. ಸೇಠ್ ದಂಗಾದರು, ಆಮೇಲೆ ಸ್ವಲ್ಪ ಯೋಚಿಸಿದರು. ನಡುವಿನ ಪುಸ್ತಕಗಳಲ್ಲಿ ಯಾರು ಬೇಕಾದರೂ ತೂರಿಸಬಹುದು, ಮೊದಲ ಪುಸ್ತಕದಲ್ಲಿ ತೋರಿಸು, ತೋರಿಸಿದರೆ ಕಾಗದ ಹರಿದುಹಾಕಿ ಹೆಸರೂ ಪಾಲೂ ಕೊಡುತ್ತೇನೆ ಎಂದರು. ಎದುರಿಗೆ ದೇವರ ಪಟವಿತ್ತು, ಅದನ್ನು ಮುಟ್ಟಿ ಹೇಳಿದರು. ಆ ಮಾತನ್ನು ಅವರು ನಡೆಸುತ್ತಿದ್ದರು ಎಂದೇ ನಾನು ಇವತ್ತಿಗೂ ನಂಬಿದ್ದೇನೆ.

ಮೊದಲ ಪುಸ್ತಕದ ಹಿಂದಿ, ಮರಾಠಿ ಪ್ರತಿಗಳು ಮುಗಿದು ಎಷ್ಟೋ ಕಾಲವಾಗಿತ್ತು. ಮೂಲ ಹಾಳೆಗಳು ಒಂದು ಮಳೆಗಾಲ ಗೋದಾಮಿಗೆ ನೀರು ನುಗ್ಗಿ ರದ್ದಿಗೆ ಹೋಗಿದ್ದವು. ಮಾಸ್ತರು ಗೆದ್ದವರ ಹಾಗೆ ಚೀಲಕ್ಕೆ ಕೈ ಹಾಕಿದರು. ತಮ್ಮ ಭಾಷೆಯದೆಂದು ಅವರು ಇಟ್ಟುಕೊಂಡಿದ್ದದ್ದು ಕನ್ನಡದ ಪ್ರತಿ ಒಂದೇ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ. ಏಳನೆಯ ಪುಟ ತೆರೆದು, ನೋಡದೆಯೇ, ಮೇಜಿನ ಮೇಲೆ ಸೇಠ್ ಕಡೆಗೆ ತಳ್ಳಿದರು. ಸೇಠ್ ಅದನ್ನು ನನ್ನ ಕಡೆಗೆ ತಿರುಗಿಸಿದರು. "ಬೇಟೀ, ತೂ ಪಢ್. ಕೋನೇ ಮೇಂ ಕ್ಯಾ ಲಿಖಾ ಹೈ?" ಮೂಲೆಯಲ್ಲಿ ಏನು ಬರೆದಿದೆ, ನೀನೇ ಓದು ಎಂದರು.

ಆ ಕೋಣೆಯಲ್ಲಿ ಕನ್ನಡ ಓದಬಲ್ಲವರು ನಾವಿಬ್ಬರೇ. ಬೋರ್ಡಿನ ಯಾವ ಅಕ್ಷರದ ಮೇಲೆ ಬೆರಳಿಟ್ಟು ಅವರ ಹೆಸರು ಓದಿದ್ದರೂ ನಡೆಯುತ್ತಿತ್ತು. ಅಥವಾ ಇಲ್ಲಿತ್ತು, ಒರೆಸಿದವಳು ನಾನು ಎಂದಿದ್ದರೂ ನಡೆಯುತ್ತಿತ್ತು, ಅದು ಸತ್ಯ ಕೂಡ. ಕೆಲಸ ಹೋಗುತ್ತದೆ ಎಂಬ ಭಯ ಇತ್ತು. ಅದಕ್ಕಿಂತ ದೊಡ್ಡದು, ಅವರ ಎದುರು ನನ್ನ ಕಳ್ಳತನ ಬಯಲಾಗುವ ನಾಚಿಕೆ. ನಾನು ಆ ಬಿಳಿ ಮೂಲೆಯನ್ನು ನೋಡಿ, "ಕುಛ್ ನಹೀಂ ಹೈ, ಸೇಠ್," ಎಂದೆ.

ಮಾಸ್ತರು ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು. ಬಣ್ಣ ಒಣಗಿತೋ ಎಂದು ನೋಡುವ ಹಾಗೆ ಆ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ಅಂಚಿನ ಗೆರೆಯ ಹತ್ತಿರ ಬೆರಳು ನಿಂತಿತು. ಅದು ತಮ್ಮ ಗೆರೆಯಲ್ಲ ಎಂದು ಅವರಿಗೆ ಅಲ್ಲೇ ತಿಳಿಯಿತು. ಅಷ್ಟು ನಾಜೂಕಾಗಿ ಗೆರೆ ಕೂಡಿಸುವ ಕೈ ಆ ಆಫೀಸಿನಲ್ಲಿ ಇನ್ನೊಂದೇ ಇತ್ತು. "ಹೌದು," ಎಂದರು ಕನ್ನಡದಲ್ಲಿ, ಯಾರನ್ನೂ ನೋಡದೆ. "ಏನೂ ಇಲ್ಲ."

ಸಂಜೆ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಅವರ ಹಿಂದೆ ಓಡಿದೆ. ದಿನವೂ ಕಲ್ಯಾಣ ಲೋಕಲ್ಲಿಗೆ ಜೊತೆಯಾಗಿ ಕಾಯುತ್ತಿದ್ದ ಜಾಗದಲ್ಲೇ ನಿಂತಿದ್ದರು. "ಮಾಸ್ತ್ರೇ, ನಿಮಗೆ ಒಂದು ಹೇಳ್ಲಿಕ್ಕುಂಟು," ಅಂದೆ. ಅವರು ಹಳಿಯ ಕಡೆ ನೋಡುತ್ತ ಹೇಳಿದರು, "ಬಾಯಾರ, ನಿಮ್ಮ ಲೇಡೀಸ್ ಡಬ್ಬಿ ಮುಂದ ಐತ್ರಿ."

ಅಲ್ಲಿಂದಾಚೆ ನಾನು ತಂಗಿಯಲ್ಲ, ಬಾಯಾರ. ನೀ ಹೋಗಿ ನೀವು ಬಂತು. ಅವರ ಕಡೆ ಅದು ಮರ್ಯಾದೆಯ ಮಾತು. ನನಗೆ ಪ್ರತಿ ಸಲವೂ ಕೆನ್ನೆಗೆ ಬಿದ್ದಂತಾಗುತ್ತಿತ್ತು. ಸೇಠ್‌ಗೆ ಅವರು ಒಮ್ಮೆಯೂ ನನ್ನ ಮೇಲೆ ದೂರಲಿಲ್ಲ. ಬಲೂನುಗಳನ್ನೂ ಚಿಕ್ಕದು ಮಾಡಲಿಲ್ಲ. ಕಡೆಯ ದಿನದವರೆಗೂ ಒಂದು ಬೆರಳು ಎತ್ತರವೇ ಬಿಟ್ಟರು. ಅದೇ ಹೆಚ್ಚು ಚುಚ್ಚುತ್ತಿತ್ತು. ಭಾನುವಾರಗಳಲ್ಲಿ ಉಲ್ಹಾಸನಗರದ ರದ್ದಿ ಅಂಗಡಿಗಳಲ್ಲಿ ಮಾಸ್ತರು ಮೊದಲ ಪುಸ್ತಕದ ಹಿಂದಿ ಪ್ರತಿ ಹುಡುಕುತ್ತಾರೆ ಎಂದು ಯಾರೋ ಹೇಳಿದರು. ನಾನೂ ಡೊಂಬಿವಲಿಯ ಅಂಗಡಿಗಳಲ್ಲಿ ಅದನ್ನೇ ಹುಡುಕುತ್ತಿದ್ದೆ. ಇಬ್ಬರಿಗೂ ಸಿಗಲಿಲ್ಲ. ಮೂರು ತಿಂಗಳಿಗೆ ಅವರು ಕೆಲಸ ಬಿಟ್ಟು ಅಂಬರನಾಥದ ಕಾರ್ಖಾನೆಗಳಿಗೆ ಬೋರ್ಡು ಬರೆಯಲು ಹೋದರು. ಹಮಾಲ್ ದಾದಾನನ್ನು ಬೇರೆಯವರು ಬರೆದರು, ಸಿಂಬಿ ಟೋಪಿಯಂತೆ ಕಾಣುತ್ತಿತ್ತು. ಮನೆಮನೆಗೆ ಕೇಬಲ್ ಟಿವಿ ಬಂದು ಮಕ್ಕಳು ಅತ್ತ ತಿರುಗಿದರು. ನನ್ನ ಮದುವೆಯಾಯಿತು, ಕಂಪನಿ ಬಾಗಿಲು ಹಾಕಿತು. ಪಾಲು ಕೇಳಬೇಕೆಂದರೂ ಈಗ ಕೇಳುವುದಕ್ಕೆ ಅಲ್ಲಿ ಯಾರೂ ಇಲ್ಲ.

ಬಸ್ಸಿನಲ್ಲಿ ಠಾಣೆಗೆ, ಅಲ್ಲಿಂದ ಲೋಕಲಿನಲ್ಲಿ ವಿಠ್ಠಲವಾಡಿಗೆ ಹೋದೆ. ಮಗಳು ಈಗ ಕಾಲೇಜು. ಕನ್ನಡ ಅರ್ಧಂಬರ್ಧ ಅರ್ಥವಾಗುತ್ತದೆ, ಮಾತು ಮರಾಠಿಯಲ್ಲಿ, ಓದಲು ಬರುವುದಿಲ್ಲ. ಚಹಾ ಕೊಟ್ಟು ಎದುರಿಗೆ ಕೂತು ನನ್ನ ಮುಖವನ್ನೇ ನೋಡಿದಳು. "ತುಮ್ಹೀ ಬಾಬಾಂಚ್ಯಾ ಬಹೀಣ್ ಆಹಾತ್ ಕಾ?"

ನಾನು ಅವರ ತಂಗಿಯೇ ಎಂದು ಕೇಳುತ್ತಿದ್ದಳು. ಯಾಕೆ ಹಾಗೆ ಕೇಳುತ್ತೀ ಎಂದೆ. ಕಾಯಿಲೆ ಬಿದ್ದಾಗ ಅಪ್ಪ ಟ್ರಂಕಿನಿಂದ ಈ ಕಟ್ಟು ತೆಗೆಸಿ, ಇದನ್ನು ತಂಗಿಗೆ ಕೊಡು ಎಂದಿದ್ದರಂತೆ. ಅಪ್ಪನಿಗೆ ತಂಗಿಯೇ ಇಲ್ಲ. ಬಿಜಾಪುರದ ನೆಂಟರನ್ನೂ ಕೇಳಿ ನೋಡಿದಳು. ಕೊನೆಗೆ ಅಪ್ಪನ ಡೈರಿಯನ್ನು ಕನ್ನಡ ಬಲ್ಲ ಕೆಳಗಿನ ಹೊಟೇಲಿನವರಿಂದ ಓದಿಸಿದಾಗ, ಡೊಂಬಿವಲಿಯ ಒಂದು ನಂಬರಿನ ಮುಂದೆ ಹೆಸರಿಲ್ಲದೆ ತಂಗಿ ಎಂದಷ್ಟೇ ಬರೆದಿತ್ತು. ಅದನ್ನು ಅವರು ಎಂದೂ ಬಾಯಾರ ಎಂದು ತಿದ್ದಿರಲಿಲ್ಲ.

ನಾನು ಅತ್ತುಬಿಟ್ಟೆ. ಅವಳು ನೀರು ತಂದುಕೊಟ್ಟು, ನೆನಪಿಸಿಕೊಂಡು ಇನ್ನೊಂದು ಮಾತು ಹೇಳಿದಳು. "ಬಾಬಾ ಮ್ಹಣಾಲೇ, ತಂಗಿ ಕೈ ಚೊಲೋ ಐತಿ. ಮ್ಹಣಜೇ ಕಾಯ್?" ಹಾಗೆಂದರೆ ಏನು ಎಂದು ಕೇಳುತ್ತಿದ್ದಳು. ನಾನು ಕಟ್ಟನ್ನು ಹತ್ತಿರ ಎಳೆದುಕೊಂಡೆ.

ಪ್ಲಾಸ್ಟಿಕ್ ಬಿಚ್ಚಿದೆ. ಮೊದಲ ಪುಸ್ತಕ. ಜೊತೆಗೆ ಹಲ್ಲುಜ್ಜುವ ಬ್ರಶ್ಶಿನ ಡಬ್ಬಿಯಲ್ಲಿ ಅವರ ಝೀರೋ ನಂಬರ್ ಬ್ರಶ್ಶು, ಅರ್ಧ ಒಣಗಿದ ಮಸಿಯ ಬಾಟಲಿ. ಏಳನೆಯ ಪುಟದ ಮೂಲೆ ನಾನು ಬಿಟ್ಟ ಹಾಗೇ ಬೆಳ್ಳಗಿತ್ತು. ಅವರೇ ಬರೆದುಕೊಳ್ಳಬಹುದಿತ್ತು, ಬರೆದುಕೊಂಡಿರಲಿಲ್ಲ. ಮಸಿಗೆ ನಾಲ್ಕು ಹನಿ ನೀರು ಹಾಕಿದೆ. ಬ್ರಶ್ಶಿನ ತುದಿಯನ್ನು ತುಟಿಯಿಂದ ಚೂಪು ಮಾಡಿಕೊಂಡೆ. ಆ ಮೂಲೆಯಲ್ಲಿ ಅವರ ಎರಡು ಅಕ್ಷರ ಬರೆದೆ, ಎಳ್ಳಿಗಿಂತ ತುಸು ದೊಡ್ಡವಾದವು.

ಹುಡುಗಿ ಬಗ್ಗಿ ನೋಡಿದಳು. "ಕೋಪರ್‍ಯಾತ್ ಕಾಯ್ ಲಿಹಿಲಂಯ್?" ಮೂಲೆಯಲ್ಲಿ ಏನು ಬರೆದಿದೆ ಎಂದು ಅವಳೂ ಕೇಳಿದಳು.

ಈ ಸಲ ಓದಿ ಹೇಳಿದೆ.